ಕಾಕಾನ ಕಣ್ಣು, ನನ್ನ ಟ್ಯೂಬು

ನಮ್ಮ ಕಡೆಯ ಮೆಡಿಕಲ್ ಅಂಗಡಿಗಳಲ್ಲಿ ಕಣ್ಣಿನ ಟ್ಯೂಬನ್ನು ಚಹಾಪುಡಿ ಮಾರಿದ ಹಾಗೆ ಮಾರುತ್ತೇವೆ. 'ಕಣ್ಣಿಂದೊಂದು ಟ್ಯೂಬ್ ಕೊಡ್ರಿ' ಅಂತಾರೆ, ಕೊಡುತ್ತೇವೆ. ಯಾರ ಕಣ್ಣು, ಏನಾಗಿದೆ, ಯಾವಾಗಿನಿಂದ ಎಂದು ಕೇಳಿದರೆ ಗಿರಾಕಿಗೆ ಬೇಸರ, ಅವರ ಹಿಂದೆ ನಿಂತವರಿಗೆ ಅವಸರ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಆ ಅಕ್ಷರ ಇರುವೆಯಷ್ಟು ಸಣ್ಣದು, ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಜಮಖಂಡಿ–ಮುಧೋಳ ನಡುವಿನ ಒಂದು ಊರಿನಲ್ಲಿ ನನ್ನ ಅಂಗಡಿ. ಡಿ.ಫಾರ್ಮ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗಲ್ಲೆಯ ಮೇಲೆ ತೂಗುಹಾಕಿದ್ದೇನೆ. ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಕಬ್ಬು. ನಮ್ಮ ಅಪ್ಪನ ಕಾಲಕ್ಕೆ ಹೀಗಿರಲಿಲ್ಲ, ಜೋಳ, ಕಡಲೆ, ಕುಸುಬಿ ಇದ್ದವು. ಸರ್ಕಾರದ ದಾರಿ ಕಾದು ಸಾಕಾದ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಮೈಮುರಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅವರ ಮುಂದಾಳು ಸಿದ್ದು ನ್ಯಾಮಗೌಡರ ಹೆಸರು ದಿಲ್ಲಿಯವರೆಗೆ ಹೋದದ್ದು ಆ ಕೆಲಸದಿಂದ. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ಕಬ್ಬಿನ ಎಲೆಯ ಅಂಚಿಗೆ ಗರಗಸದಂಥ ಸಣ್ಣ ಹಲ್ಲುಗಳಿರುತ್ತವೆ. ದೀಪಾವಳಿಯ ಸುಮಾರಿಗೆ ಕಾರ್ಖಾನೆ ಚಾಲೂ ಆಗಿ ಕಟಾವು ಹತ್ತಿದರೆ ಸಾಕು, ಒಂದು ಕಣ್ಣು ಮುಚ್ಚಿಕೊಂಡು ಅಂಗಡಿಯ ಮೆಟ್ಟಿಲು ಹತ್ತುವವರು ಶುರುವಾಗುತ್ತಾರೆ. ರಬಕವಿ-ಬನಹಟ್ಟಿಯ ಕಡೆ ಅಂಗಡಿ ಇಟ್ಟಿರುವ ನನ್ನ ಗೆಳೆಯನಿಗೆ ವರ್ಷವಿಡೀ ಸುಗ್ಗಿ. ಅಲ್ಲಿ ಮಗ್ಗದ ಹತ್ತಿಧೂಳು, ಗ್ಯಾರೇಜುಗಳ ಕಬ್ಬಿಣದ ಪುಡಿ.

ಚಿಕ್ಕವನಿದ್ದಾಗ ಕಣ್ಣಿಗೆ ಕಸ ಬಿದ್ದರೆ ನಮ್ಮ ಆಯಿ ರೆಪ್ಪೆ ಮಗುಚಿ ನಾಲಿಗೆಯ ತುದಿಯಿಂದ ತೆಗೆಯುತ್ತಿದ್ದಳು. ಆ ಕೆಲಸದಲ್ಲಿ ಪಳಗಿದವರು ಓಣಿಗೊಬ್ಬರು ಇರುತ್ತಿದ್ದರು. ಎದೆಹಾಲು ಹಿಂಡುವವರು, ಜೇನುತುಪ್ಪ ಹಚ್ಚುವವರು, ಹರಳೆಣ್ಣೆ ಬಿಡುವವರು ಈಗಲೂ ಇದ್ದಾರೆ. ಡಿ.ಫಾರ್ಮ್ ಓದಿ ಬಂದ ಮೇಲೆ ಇವರನ್ನೆಲ್ಲ ನಾನು ನಗೆಯಾಡುತ್ತಿದ್ದೆ. ಬಾಯಿಯ ಬ್ಯಾಕ್ಟೀರಿಯಾ ಎಲ್ಲ ಕಣ್ಣಿಗೆ ಹೋಗ್ತಾವ ಅಂತ ಆಯಿಗೆ ಪಾಠ ಹೇಳಿದ್ದೂ ಉಂಟು. ಆಯಿಯ ನಾಲಿಗೆಯಿಂದ ಊರಲ್ಲಿ ಯಾರ ಕಣ್ಣಾದರೂ ಹೋಯಿತೋ, ನಾನರಿಯೆ. ನನ್ನ ಕೈಯಿಂದ ಒಂದು ಹೋಯಿತು.

ಅದನ್ನು ಹೇಳುವ ಮೊದಲು ಟ್ಯೂಬಿನ ಪರವಾಗಿ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಕ್ಲೋರಾಂಫೆನಿಕಾಲ್, ಸಿಪ್ರೊಫ್ಲಾಕ್ಸಸಿನ್, ಟೆಟ್ರಾಸೈಕ್ಲಿನ್ ಮುಲಾಮುಗಳು ಒಳ್ಳೆಯ ಔಷಧಗಳೇ. ಟ್ರಕೋಮಾ ಎಂಬ ಕಣ್ಣಿನ ಸೋಂಕು ಒಂದು ಕಾಲಕ್ಕೆ ದೇಶದಲ್ಲಿ ಲಕ್ಷಗಟ್ಟಲೆ ಜನರ ದೃಷ್ಟಿ ತಿಂದಿತ್ತು. 1963ರಲ್ಲಿ ಅದಕ್ಕಾಗಿಯೇ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಆ ಹೋರಾಟದ ಮುಖ್ಯ ಆಯುಧಗಳಲ್ಲಿ ಶೇಕಡಾ 1ರ ಟೆಟ್ರಾಸೈಕ್ಲಿನ್ ಮುಲಾಮೂ ಒಂದು. ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು. ಬ್ಯಾಕ್ಟೀರಿಯಾದಿಂದ ಕಣ್ಣು ಬಂದಾಗಲೂ ಮುಲಾಮಿಗೆ ಒಳ್ಳೆಯ ಗುಣವಿದೆ. ಹನಿ ಔಷಧ ಕಣ್ಣೀರಿನ ಜೊತೆ ಬೇಗ ಹರಿದುಹೋಗುತ್ತದೆ, ಮುಲಾಮು ರೆಪ್ಪೆಯೊಳಗೆ ಅಂಟಿ ಕೂಡುತ್ತದೆ. ಹನಿ ಬಿಡಲು ಹೋದರೆ ಕಣ್ಣು ಬಿಗಿಹಿಡಿದು ಅಳುವ ಮಕ್ಕಳಿಗೆ, ಮಲಗುವ ಹೊತ್ತಿಗೆ ಹಚ್ಚುವುದಕ್ಕೆ ಅದಕ್ಕಿಂತ ಅನುಕೂಲವಾದದ್ದಿಲ್ಲ.

ಆದರೆ ಕೆಂಪಾದ ಕಣ್ಣೆಲ್ಲ ಬ್ಯಾಕ್ಟೀರಿಯಾದ ಕಣ್ಣಲ್ಲ. ಬೆಳಿಗ್ಗೆ ಎದ್ದಾಗ ಹಳದಿ ಪಿಚ್ಚು ಕಟ್ಟಿ ರೆಪ್ಪೆ ಅಂಟಿಕೊಂಡಿದ್ದರೆ, ಒರೆಸಿದ ಹಾಗೆಲ್ಲ ಮತ್ತೆ ಪಿಚ್ಚು ಬರುತ್ತಿದ್ದರೆ ಬ್ಯಾಕ್ಟೀರಿಯಾದ ಅನುಮಾನ ಹೆಚ್ಚು. ನೀರು ಸುರಿಯುತ್ತಿದ್ದರೆ, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹಬ್ಬುತ್ತಿದ್ದರೆ ಸಾಮಾನ್ಯವಾಗಿ ಅದು ವೈರಸ್ಸಿನ ಕೆಲಸ. ತುರಿಕೆಯೇ ಮುಖ್ಯವಾಗಿದ್ದರೆ ಅಲರ್ಜಿ. ಇವು ಕಾಲೇಜಿನಲ್ಲಿ ಓದಿದ ಮಾತುಗಳು, ಗಲ್ಲೆಯ ಈಚೆ ಕುಳಿತ ಮೇಲೆ ಮರೆತ ಮಾತುಗಳು. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ 'ಮದ್ರಾಸ್ ಐ' ಹಬ್ಬಿದಾಗ ನಮ್ಮ ಕಡೆಯ ಅಂಗಡಿಗಳಲ್ಲಿ ಆ್ಯಂಟಿಬಯೋಟಿಕ್ ಹನಿ, ಟ್ಯೂಬು ಎರಡೂ ಖಾಲಿಯಾದವು. ಅದು ಬಹುಪಾಲು ಅಡಿನೋವೈರಸ್ಸಿನ ಪಿಡುಗು, ಆ್ಯಂಟಿಬಯೋಟಿಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ವಾರ ಕಳೆದ ಮೇಲೆ ಕಣ್ಣು ತಾನಾಗಿ ತಿಳಿಯಾಯಿತು, ಹೆಸರು ಟ್ಯೂಬಿಗೆ ಬಂತು. ಹೀಗೆ ತಾನಾಗಿ ವಾಸಿಯಾದ ಕಣ್ಣುಗಳ ಪುಣ್ಯವನ್ನೆಲ್ಲ ನಾವು ಅಂಗಡಿಯವರು ನಮ್ಮ ಲೆಕ್ಕಕ್ಕೆ ಬರೆದುಕೊಂಡು ಕುಳಿತವರು. ನನ್ನ ಧೈರ್ಯ ಬೆಳೆದದ್ದು ಹಾಗೆ.

ಕಾಕಾ ಅಂದರೆ ನನ್ನ ರಕ್ತಸಂಬಂಧಿಯಲ್ಲ, ನಮ್ಮ ಓಣಿಯ ಹಿರಿಯ ರೈತರು. ಅಪ್ಪ ತೀರಿಕೊಂಡಾಗ ಅಂಗಡಿಯ ಬಾಡಿಗೆಗೆ ಮುಂಗಡ ಕೊಟ್ಟವರು. ಒಂದು ವರ್ಷದ ಕಟಾವಿನಲ್ಲಿ ಗ್ಯಾಂಗಿನವರ ಜೊತೆ ತಾವೂ ಹೊಲಕ್ಕಿಳಿದಿದ್ದರು. ರವದಿ ಸರಿಸುವಾಗ ಎಲೆಯೊಂದು ಪಟ್ಟನೆ ಕಣ್ಣಿಗೆ ಬಡಿಯಿತು. ಮಧ್ಯಾಹ್ನವೇ ಬಂದರು.

'ತಮ್ಮಾ, ಕಣ್ಣಾಗ ರವದಿ ಬಡದೈತಿ. ಭಾಳ ಚುಚ್ಚತೈತಿ, ನೀರs ನಿಂದ್ರವಲ್ದು.'

ಬರೀ ಆ್ಯಂಟಿಬಯೋಟಿಕ್ ಇರುವ ಟ್ಯೂಬು ಕೊಟ್ಟೆ. ಬಾಗಲಕೋಟೆಗೋ ಹುಬ್ಬಳ್ಳಿಗೋ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿರಿ ಎನ್ನುವ ಒಂದು ಮಾತನ್ನು ಸೇರಿಸಲಿಲ್ಲ. ಕಾಕಾ ಅದನ್ನಾದರೂ ನೆಟ್ಟಗೆ ಹಾಕಿಕೊಂಡರೋ ಇಲ್ಲವೋ. ಆಮೇಲೆ ತಿಳಿದದ್ದು, ಅವರು ಮುಲಾಮನ್ನು ರೆಪ್ಪೆಯ ಮೇಲ್ಗಡೆ ಹಚ್ಚಿ ಉಜ್ಜುತ್ತಿದ್ದರು. ಕೆಳರೆಪ್ಪೆ ಜಗ್ಗಿ, ಒಳಗಿನ ಸಂದಿಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಎಳೆ ಇಡಬೇಕು, ಟ್ಯೂಬಿನ ಮೂತಿ ಕಣ್ಣಿಗೆ ತಾಗಬಾರದು, ಮೊದಲು ಕೈ ತೊಳೆಯಬೇಕು ಎಂದು ಅವರಿಗೆ ಹೇಳಿದವರಾರು? ಹೇಳಬೇಕಾದವನು ಚಿಲ್ಲರೆ ಎಣಿಸುತ್ತಿದ್ದ.

ಕೆಲವು ದಿನ ಬಿಟ್ಟು ಮತ್ತೆ ಬಂದರು. ಕಣ್ಣು ಮೊದಲಿಗಿಂತ ಕೆಂಪಾಗಿತ್ತು, ಬಿಸಿಲಿಗೆ ತೆರೆಯಲು ಆಗುತ್ತಿರಲಿಲ್ಲ. 'ನೋವು ತಡಕೋತೀನಪಾ, ಈ ಕೆಂಪ ನೋಡಿ ಮಂದಿ ದೂರ ಸರೀತಾರ. ಮನ್ಯಾಗ ಮದವಿ ಐತಿ' ಅಂದರು. ಮೊಮ್ಮಗಳ ಮದುವೆ. ನನ್ನ ಗೂಡಿನಲ್ಲಿ ಆಗ ಇನ್ನೊಂದು ಟ್ಯೂಬು ಕುಳಿತಿತ್ತು. ಹತ್ತು ಕೊಂಡರೆ ಒಂದು ಪುಕ್ಕಟೆ ಎನ್ನುವ ಸ್ಕೀಮಿನಲ್ಲಿ ತಂದ ಮಾಲು. ಆ್ಯಂಟಿಬಯೋಟಿಕ್ ಜೊತೆ ಸ್ಟಿರಾಯ್ಡ್ ಸೇರಿಸಿದ್ದು. ಎರಡೂ ಡಬ್ಬಿಗಳ ಹೆಸರು ಒಂದಕ್ಕೊಂದು ಹತ್ತಿರ, ಬಣ್ಣ ಹತ್ತಿರ. ಅದು ಕೆಂಪನ್ನು ಬೇಗ ಇಳಿಸುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಕಣ್ಣಿನ ಕರಿಗುಡ್ಡೆಗೆ ಗಾಯವಾಗಿದ್ದಾಗ ಅದನ್ನು ಕೊಡಬಾರದು ಎನ್ನುವುದೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದಿದ್ದರೆ ಈ ಬರಹ ನನಗೆ ಹಗುರವಾಗುತ್ತಿತ್ತು.

'ಇದನ್ನ ಹಾಕ್ರಿ ಕಾಕಾ. ಮದವಿ ಹೊತ್ತಿಗೆ ಕಣ್ಣು ತಿಳಿ ಆಗ್ತಾವ.'

ಆದವು. ಕೆಂಪು ಇಳಿಯಿತು, ನೋವು ತಗ್ಗಿತು. ಮದುವೆಯಲ್ಲಿ ಕಾಕಾ ಹತ್ತು ಜನರ ಮುಂದೆ 'ನಮ್ಮ ತಮ್ಮನ ಕೈಗುಣ' ಎಂದು ಹೊಗಳಿದರು. ನಾನು ಹೋಳಿಗೆ ತಿನ್ನುತ್ತ ಆ ಹೊಗಳಿಕೆಯನ್ನೂ ತಿಂದೆ. ಟ್ಯೂಬು ಮುಗಿದಾಗ ಅವರ ಮಗ ಬಂದು ಅದನ್ನೇ ಇನ್ನೊಂದು ಒಯ್ದ. ಆಗಲೂ ನಾನು ಏನೂ ಕೇಳಲಿಲ್ಲ.

ಹಾಗಾದರೆ ಒಳಗೆ ಏನು ನಡೆದಿತ್ತು? ಕಬ್ಬಿನ ಎಲೆ ಕಣ್ಣಿನ ಮೇಲ್ಪದರವನ್ನು ಗೀರಿದಾಗ ಬರೀ ಗಾಯ ಮಾಡಿ ಬಿಡುವುದಿಲ್ಲ, ಎಲೆಯ ಮೇಲೆ, ಮಣ್ಣಿನಲ್ಲಿ ಇರುವ ಶಿಲೀಂಧ್ರದ ಬೀಜಾಣುಗಳನ್ನು ಒಳಗೆ ಬಿತ್ತುತ್ತದೆ. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬುವು ಅವುಗಳಲ್ಲಿ ಮುಖ್ಯವಾದವು. ನಮ್ಮ ಮನೆಯ ರೊಟ್ಟಿಗೆ ಬೂಷ್ಟು ಹಿಡಿಸುವ ಕುಲದವು. ಮದುರೆಯಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರೋಗಾಣು ಪತ್ತೆಯಾದ ಕಾರ್ನಿಯಾ ಹುಣ್ಣುಗಳಲ್ಲಿ ಹತ್ತಿರ ಹತ್ತಿರ ಅರ್ಧ ಬ್ಯಾಕ್ಟೀರಿಯಾದವು, ಅರ್ಧ ಶಿಲೀಂಧ್ರದವು ಎಂದು ಕಂಡುಬಂದಿತ್ತು. ಬೇಸಾಯದ ನಾಡಿನ ಲೆಕ್ಕವೇ ಬೇರೆ. ಆ್ಯಂಟಿಬಯೋಟಿಕ್ ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಸ್ಟಿರಾಯ್ಡ್ ಅದನ್ನು ಕೊಲ್ಲುವುದಿಲ್ಲ, ಅದರ ವಿರುದ್ಧ ಹೊಡೆದಾಡುತ್ತಿರುವ ಮೈಯ ಶಕ್ತಿಯನ್ನು ತಗ್ಗಿಸುತ್ತದೆ. ಕೆಂಪು ಇಳಿದದ್ದು ಅದಕ್ಕೇ. ಕಾಕಾ ಮದುವೆಯಲ್ಲಿ ಅಕ್ಷತೆ ಹಾಕುವಾಗ ಬೂಷ್ಟು ನಿರಾತಂಕವಾಗಿ ಬೇರಿಳಿಸುತ್ತಿತ್ತು.

ಕರಿಗುಡ್ಡೆಯ ಮೇಲೆ ಬೂದು-ಬಿಳಿ ಮಚ್ಚೆ ಕಂಡ ದಿನ ಅವರ ಮಗ ಜೀಪು ಮಾಡಿಕೊಂಡು ಬಂದ. ಹುಬ್ಬಳ್ಳಿಗೆ ಹೊರಟಿದ್ದರು. 'ನೀನೂ ಬಾ ತಮ್ಮಾ, ಡಾಕ್ಟ್ರ ಮಾತು ನಮಗ ತಿಳಿಯೂದಿಲ್ಲ, ನಿನಗ ಔಷಧ ಗೊತ್ತ' ಅಂದರು ಕಾಕಾ. ದಾರಿಯುದ್ದಕ್ಕೂ ಅವರೇ ನನಗೆ ಧೈರ್ಯ ಹೇಳುವವರ ಹಾಗೆ ಮಾತಾಡುತ್ತಿದ್ದರು. ಅವರ ಅವ್ವನಿಗೆ ಮೋದಿ ಡಾಕ್ಟರ ಶಿಬಿರದಲ್ಲಿ ಪರಿ ತೆಗೆದಿದ್ದರಂತೆ. ಸಾಯುವವರೆಗೂ ಆಕೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳಂತೆ. ಡಾ. ಎಂ.ಸಿ. ಮೋದಿ ಹುಟ್ಟಿದ್ದು 1916ರಲ್ಲಿ, ನಮ್ಮ ಪಕ್ಕದ ಬೀಳಗಿಯಲ್ಲಿ. ಊರೂರಿಗೆ ಹೋಗಿ ಸಾಲುಸಾಲಾಗಿ ಮಲಗಿಸಿ ಪೊರೆ ತೆಗೆದವರು, ತಿರುಪತಿಯ ಶಿಬಿರದಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆಯವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ. 'ನಮ್ಮ ಬೀಳಗಿ ಮನಷ್ಯಾ ದೇಶಕ್ಕೆಲ್ಲ ಕಣ್ಣು ಕೊಟ್ಟ' ಎಂದು ಕಾಕಾ ಹೆಮ್ಮೆಯಿಂದ ಹೇಳುತ್ತಿದ್ದರೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ಹುಣ್ಣಿನ ಅಂಚನ್ನು ತುಸುವೇ ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಕವಲೊಡೆದ ಎಳೆಗಳು ಕಂಡವು. ಶಿಲೀಂಧ್ರವೇ. ಇಷ್ಟು ಸಣ್ಣ ಪರೀಕ್ಷೆ. ಡಾಕ್ಟರು ಕೇಳಿದರು: 'ಇಲ್ಲೀತನಕ ಏನು ಹಾಕೀರಿ?' ಕಾಕಾ ಅಂಗಿಯ ಕಿಸೆಯಿಂದ ಟ್ಯೂಬು ತೆಗೆದುಕೊಟ್ಟರು.

'ಇದನ್ನ ಯಾರು ಕೊಟ್ಟರು?'

'ಮೆಡಿಕಲ್‌ದಾಗ ತೊಗೊಂಡ್ವಿ ರೀ.'

'ಎಷ್ಟು ದಿವಸ ಹಾಕಿದ್ರಿ?'

'ಒಂದೆರಡ ದಿವಸ ಅಷ್ಟರೀ.'

ಕಾಕಾ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ನನಗೆ ತಿಳಿಯಿತು, ಅವರಿಗೆ ಎಲ್ಲ ಅರ್ಥವಾಗಿದೆ, ನನ್ನನ್ನು ಉಳಿಸಲು ಡಾಕ್ಟರಿಗೆ ಸುಳ್ಳು ಹೇಳುತ್ತಿದ್ದಾರೆ. ಹಾಕಿದ್ದು ಎಷ್ಟು ದಿನ ಎಂಬುದರ ಮೇಲೆ ಡಾಕ್ಟರು ಹುಣ್ಣಿನ ಆಳವನ್ನು ಲೆಕ್ಕ ಹಾಕುತ್ತಾರೆ, ಅದೂ ನನಗೆ ಗೊತ್ತು. ಆದರೂ ಬಾಯಿ ಬಿಡಲಿಲ್ಲ. ತಪ್ಪು ಔಷಧ ಕೊಟ್ಟದ್ದು ಅವಸರದಲ್ಲಿ, ಲಾಭದ ಆಸೆಯಲ್ಲಿ ಆದದ್ದು. ಹೀಗೆ ಸುಮ್ಮನಿದ್ದದ್ದು ಮಾತ್ರ ಪೂರ್ತಿ ಎಚ್ಚರದಲ್ಲಿ ಆದದ್ದು. ಹೊರಗೆ ಬೆಂಚಿನ ಮೇಲೆ ಕಾಕಾನನ್ನು ಕೂರಿಸಿ, ನೀರು ತರುತ್ತೇನೆಂದು ಹೇಳಿ ಒಳಗೆ ಹೋದೆ.

'ಸರ್, ಟ್ಯೂಬ್ ಕೊಟ್ಟಾಂವ ನಾನs. ಎರಡು ಟ್ಯೂಬು ಖಾಲಿ ಆಗ್ಯಾವ.'

ಅವರು ಬೈಯಲಿಲ್ಲ. ಬರೆದಿದ್ದನ್ನು ಹೊಡೆದುಹಾಕಿ ಮತ್ತೆ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು, 'ನಿಮ್ಮ ಕಡೆ ಕಬ್ಬಿನ ಸೀಜನ್ ಇನ್ನೂ ಐತೇನು?' ಐತಿ ಅಂದೆ. 'ಹಂಗಾದ್ರ ಇನ್ನೂ ನಾಕು ಮಂದಿ ನಿಮ್ಮ ಅಂಗಡಿಗೆ ಬರ್ತಾರ, ಕೂಡ್ರಿ' ಎಂದು ಕೂರಿಸಿಕೊಂಡು ಹೇಳಿದರು. ಹೊರಗೆ ಸರದಿ ಉದ್ದಕ್ಕೆ ನಿಂತಿತ್ತು.

ಅವರು ಹೇಳಿದ್ದನ್ನು ಆಮೇಲೆ ಓದಿಯೂ ತಿಳಿದುಕೊಂಡೆ. ಅದರಲ್ಲಿ ನನ್ನನ್ನು ಇವತ್ತಿಗೂ ಕುಟುಕುವುದು ನೇಪಾಳದ ಭಕ್ತಪುರದ ಅಧ್ಯಯನ. 2001ರಲ್ಲಿ ಪ್ರಕಟವಾದದ್ದು. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕಣ್ಣು ಗೀರಿಕೊಂಡವರಿಗೆ ಶೇಕಡಾ 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಾಕಿಸಿದರು. ಶೇಕಡಾ 96 ಜನರಿಗೆ ಹುಣ್ಣೇ ಆಗಲಿಲ್ಲ. ಗಾಯವಾದ 18 ತಾಸಿನೊಳಗೆ ಬಂದವರಲ್ಲಿ ಒಬ್ಬರಿಗೂ ಆಗಲಿಲ್ಲ. ಬಹಳ ಅಗ್ಗದ, ಬಹಳ ಸಾಮಾನ್ಯ ಮುಲಾಮು! ಕಾಕಾ ಬಂದದ್ದು ಎಲೆ ಬಡಿದ ದಿನವೇ. ಮೊದಲು ಕೊಟ್ಟದ್ದೂ ಅದೇ ಬಗೆಯ ಮುಲಾಮು. ಅದನ್ನು ಹಾಕುವ ಬಗೆ ತೋರಿಸಿ, ಮರುದಿನ ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿದ್ದರೆ? ಇದನ್ನೇ ಹಿಡಿದು ಮುಲಾಮಿಗೆ ಜೈ ಅನ್ನುವಂತೆಯೂ ಇಲ್ಲ. ಮುಂದೆ ನೇಪಾಳದಲ್ಲೇ ಇನ್ನೂ ದೊಡ್ಡದಾಗಿ, ಹಳ್ಳಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದಲ್ಲಿ ಹುಣ್ಣುಗಳ ಸಂಖ್ಯೆ ತಗ್ಗಲಿಲ್ಲ. ಗೀರು ಬಿದ್ದ ಹೊಸತರಲ್ಲಿ ಮುಲಾಮಿಗೆ ಒಂದು ಜಾಗವಿದೆ. ಹುಣ್ಣು ಬೇರೂರಿದ ಮೇಲೆ ಅದೇ ಮುಲಾಮನ್ನು ಹಚ್ಚುತ್ತ ಕೂತರೆ ಕಳೆಯುವುದು ಹೊತ್ತು ಮಾತ್ರ.

ಕಾಕಾಗೆ ಶೇಕಡಾ 5ರ ನಾಟಾಮೈಸಿನ್ ಹನಿ ಶುರುವಾಯಿತು. ಮೊದಮೊದಲು ತಾಸಿಗೊಮ್ಮೆ. ರಾತ್ರಿಯೂ ಎಬ್ಬಿಸಿ ಹಾಕಬೇಕು. ಅವರ ಸೊಸೆ ಗಡಿಯಾರ ಮುಂದಿಟ್ಟುಕೊಂಡು ಕೂಡುತ್ತಿದ್ದಳು. ಶಿಲೀಂಧ್ರದ ಹುಣ್ಣು ಬಹಳ ನಿಧಾನವಾಗಿ ಮಾಯುತ್ತದೆ, ವಾರಗಟ್ಟಲೆ. ಕಣ್ಣುಗುಡ್ಡೆ ಉಳಿಯಿತು. ನಡುವೆ ಬಿಳಿ ಹೂವು ಬಿತ್ತು. ಆ ಕಣ್ಣಿಗೆ ಈಗ ಮುಂದೆ ಹಿಡಿದ ಬೆರಳುಗಳು ಮಸುಕಾಗಿ ಕಾಣುತ್ತವೆ, ಅಷ್ಟೇ. ಕಾರ್ನಿಯಾ ಕಸಿ ಮಾಡಿಸಬಹುದು ಎಂದಿದ್ದಾರೆ. 'ಅಪ್ಪು ಸತ್ತಾಗ ಕಣ್ಣು ಕೊಟ್ಟಾನಲ್ಲ ಮುತ್ಯಾ, ಹಂಗ ಯಾರರೆ ಕೊಡ್ತಾರ' ಎಂದು ಮೊಮ್ಮಗ ಪೀಡಿಸುತ್ತಾನೆ. 'ಇನ್ನೊಂದು ಕಣ್ಣು ಐತಲ್ಲ, ಹುಡುಗೂರಿಗೆ ಸಿಗ್ಲಿ' ಅಂತಾರೆ ಕಾಕಾ. ಔಷಧದ ಖರ್ಚು ನಾನು ಕೊಡುತ್ತೇನೆ ಎಂದಾಗ ಅವರು ತೆಗೆದುಕೊಳ್ಳಲಿಲ್ಲ. ಬೈದಿದ್ದರೆ, ರೊಕ್ಕ ತೆಗೆದುಕೊಂಡಿದ್ದರೆ ನನಗೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಬಿ.ಪಿ. ಗುಳಿಗೆಯನ್ನು ಇವತ್ತಿಗೂ ನನ್ನ ಅಂಗಡಿಯಲ್ಲೇ ಒಯ್ಯುತ್ತಾರೆ.

ಈಗ ಸ್ಟಿರಾಯ್ಡ್ ಸೇರಿದ ಕಣ್ಣಿನ ಔಷಧವನ್ನು ಕಣ್ಣಿನ ಡಾಕ್ಟರ ಚೀಟಿ ಇಲ್ಲದೆ ಯಾರಿಗೂ ಕೊಡುವುದಿಲ್ಲ. ಸ್ಕೀಮಿನ ಹುಡುಗನಿಗೆ ಆ ಮಾಲು ತರಬೇಡ ಎಂದೆ, ಅವನು ಎದುರಿನ ಅಂಗಡಿಗೆ ಹೋದ. ಚೀಟಿ ಕೇಳಿದರೆ ಗಿರಾಕಿಯೂ ಅಲ್ಲಿಗೇ ಹೋಗುತ್ತಾರೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಟ್ಯೂಬು ಕೇಳಿದವರಿಗೆ ಎರಡು ಪ್ರಶ್ನೆ ಕೇಳುತ್ತೇನೆ: ಕಣ್ಣಿಗೆ ಏನಾದರೂ ಬಡಿದಿತ್ತೇ, ನೋಟ ಮಂಜಾಗಿದೆಯೇ. ಹೌದೆಂದರೆ, ಅಥವಾ ಬೆಳಕು ನೋಡಿದರೆ ನೋವಾಗುತ್ತಿದ್ದರೆ, ಟ್ಯೂಬು ಕೈಗೆ ಕೊಡದೆ ದಾರಿ ತೋರಿಸುತ್ತೇನೆ. ಹಸುಗೂಸಿನ ಕಣ್ಣಲ್ಲಿ ಕೀವು ಎಂದು ಬಾಣಂತಿಯ ತಾಯಿ ಬಂದರೆ ಪ್ರಶ್ನೆಯನ್ನೂ ಕೇಳುವುದಿಲ್ಲ. ಹೆರಿಗೆಯಲ್ಲಿ ತಾಯಿಯಿಂದ ತಗಲುವ ಕೆಲವು ಸೋಂಕುಗಳು ದಿನಗಳಲ್ಲೇ ಕಣ್ಣು ತಿನ್ನುತ್ತವೆ, ಅದು ಆಸ್ಪತ್ರೆಯ ಕೆಲಸ. ಕಳೆದ ವರ್ಷ ತೆರೆದ ಟ್ಯೂಬನ್ನೇ ಈ ವರ್ಷವೂ ಹಚ್ಚುವವರು, ಮನೆಮಂದಿಗೆಲ್ಲ ಒಂದೇ ಟ್ಯೂಬು ತಿರುಗಿಸುವವರು, ಚರ್ಮದ ಮುಲಾಮನ್ನು ಕಣ್ಣಿಗೆ ಹಾಕುವವರು, ಇವರ ಜೊತೆ ಜಗಳ ನಡೆದೇ ಇದೆ. ತೆರೆದ ಮೇಲೆ ತಿಂಗಳಾದರೆ ಬಿಸಾಡಿರಿ ಎಂದರೆ 'ಅರ್ಧಾ ಉಳದೈತಲ್ಲೊ' ಎಂದು ನನ್ನನ್ನೇ ದಬಾಯಿಸುತ್ತಾರೆ.

ಹೋದ ಕಟಾವಿನ ಮುಂಚೆ ಅಗ್ಗದ ಪ್ಲಾಸ್ಟಿಕ್ ಕನ್ನಡಕಗಳ ಒಂದು ಪೆಟ್ಟಿಗೆ ತರಿಸಿದ್ದೆ. ಕಬ್ಬು ಕಡಿಯುವವರಿಗೆ ತಂದ ಬೆಲೆಗೇ ಕೊಡುವುದೆಂದು. ಗ್ಯಾಂಗಿನ ಹೆಣ್ಣುಮಗಳೊಬ್ಬಳು ಹಾಕಿ ನೋಡಿ ಬಿಚ್ಚಿ ಕೊಟ್ಟಳು: 'ಬೆವರಿಗೆ ಹಬೆ ಕಟ್ಟತಾವ ಅಣ್ಣಾ, ಕಬ್ಬು ಕಾಣವಲ್ದು. ಕೊಯ್ತಾ ಕಾಲಿಗಿ ಬಿದ್ರ ಏನ್ ಮಾಡ್ಲಿ?' ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಚಿಗೆ ತೂತಿರುವ, ಹಬೆ ಕಟ್ಟದ ಬಗೆ ಸಿಗುತ್ತದೆಯಂತೆ, ಅದರ ಬೆಲೆ ಕೇಳಿ ನೋಡಬೇಕು. ತಂದಿದ್ದ ಪೆಟ್ಟಿಗೆಯಲ್ಲಿ ಬಹುಪಾಲನ್ನು ಬೈಕ್ ಓಡಿಸುವ ಹುಡುಗರು ಒಯ್ದರು. ಒಂದನ್ನು ಕಾಕಾ ಕೊಂಡರು, ರೊಕ್ಕ ಕೊಟ್ಟು.